ಇದು ಅಕ್ಕನ ಮಾತಲ್ಲ

ಹಿಂದಿನ ಕಟ್ಟಡ, ಬೀಗದ ವಾರ್ಡು
ಭಾನುವಾರ, ಹನ್ನೊಂದನೇ ತಾರೀಖು

ಅಕ್ಕಾ, ನಿನಗೆ ನಿನ್ನ ತಮ್ಮನ ನಮಸ್ಕಾರ.

ಮಂಡಿನೋವು ಹೇಗಿದೆ? ಹೋದ ತಿಂಗಳು ಇಲ್ಲಿಗೆ ಬಂದಾಗ ಕಂಬಿ ಹಿಡಿದುಕೊಂಡು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿದೆಯಂತೆ, ಬಾಗಿಲು ಕಾಯುವವನು ಹೇಳಿದ. ಇಲ್ಲಿ ಲಿಫ್ಟ್ ಇದೆ, ಆದರೆ ಅದು ಆಫೀಸಿನವರಿಗೆ ಮಾತ್ರ. ರೋಗಿಗಳ ಕಡೆಯವರಿಗೆ ಕಾಲು ಗಟ್ಟಿಯಿರಬೇಕು, ಮನಸ್ಸು ಅದಕ್ಕಿಂತ ಗಟ್ಟಿಯಿರಬೇಕು. ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಎಂದಿನಂತೆ ಎಲ್ಲರದ್ದೂ ಮಾಡಿ ನಿನ್ನದನ್ನು ಮಾತ್ರ ನಾಳೆಗೆ ತಳ್ಳುತ್ತಿದ್ದೀಯೋ? ಭಾವನ ಕೈ ಈ ಚಳಿಗೆ ಸೆಟೆದುಕೊಳ್ಳುತ್ತದೆಯೇ? ಕೇಳುವ ಮುಖ ನನಗಿಲ್ಲ, ಗೊತ್ತು. ಕೇಳದಿದ್ದರೆ ಕಲ್ಲುಮನಸ್ಸು ಅನ್ನುತ್ತಾರೆ, ಕೇಳಿದರೆ ನಾಟಕ ಅನ್ನುತ್ತಾರೆ. ಹೇಗೂ ಅನ್ನಿಸಿಕೊಳ್ಳುವುದಾದರೆ ಕೇಳಿಯೇ ಅನ್ನಿಸಿಕೊಳ್ಳೋಣ ಎಂದು ಕೇಳಿದೆ. ಪುಟ್ಟಿ ಎಷ್ಟು ಎತ್ತರ ಬೆಳೆದಿದ್ದಾಳೆ? ಅವಳ ಅಂಗಿಗಳ ಅಂಚಿನಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಮಡಚಿ ಹೊಲೆಯುತ್ತಿದ್ದೆ, ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು. ಆ ಮಡಿಕೆಗಳೆಲ್ಲ ಮುಗಿದು ಈಗ ಹೊಸ ಅಂಗಿಗಳೇ ಬಂದಿರುತ್ತವೆ.

ನನ್ನ ಆರೋಗ್ಯ ಕೇಳುವವರಿಲ್ಲದ್ದರಿಂದ ನಾನೇ ಹೇಳುತ್ತೇನೆ. ಮೈ ಬಂದಿದೆ. ಕೈ ನಡುಗುತ್ತದೆ, ಲೋಟದ ಚಹಾದಲ್ಲಿ ಅರ್ಧ ನಾನು ಕುಡಿಯುತ್ತೇನೆ, ಅರ್ಧ ನನ್ನ ಅಂಗಿ ಕುಡಿಯುತ್ತದೆ. ನೀನು ಬಂದು ಹೋದ ಮರುದಿನದಿಂದ ಒಂದು ಮಾತ್ರೆ ಹೆಚ್ಚಾಗಿದೆ, ಈ ನಡುಕ ಅದರದ್ದು. ತಲೆಯೊಳಗೆ ಆ ಧ್ವನಿಗಳು ಈಗ ಬರುವುದಿಲ್ಲ. ನಿಂತು ಬಹಳ ಕಾಲವಾಯಿತು. ಬಂದರೆ ಹೇಳುತ್ತೇನೆ, ಮುಚ್ಚಿಡಲು ಅವೇನು ನನ್ನ ನೆಂಟರಲ್ಲ. ಈ ಕಾಗದವನ್ನು ನಿನಗಿಂತ ಮೊದಲು ಇಲ್ಲಿನ ಹಿರಿಯ ನರ್ಸಮ್ಮ ಓದುತ್ತಾರೆ. ಅವರಿಗೂ ನಮಸ್ಕಾರ. ನನ್ನ ಅಕ್ಷರ ಕೋಳಿ ಕಾಲಿನ ಅಕ್ಷರ, ಅವರ ಕಣ್ಣಿಗೆ ತೊಂದರೆಯಾದರೆ ಕ್ಷಮಿಸಲಿ.

ಅವತ್ತು ನೀನು ಎದ್ದು ಹೋದೆಯಲ್ಲ, ಅಲ್ಲಿ ನಿಜವಾಗಿ ನಡೆದದ್ದೇನು ಎಂದು ನಿನಗೆ ಯಾರೂ ಹೇಳಿರಲಾರರು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಮೊದಲಿಂದ ಹೇಳಿದರೆ ಮಾತ್ರ ಅರ್ಥವಾಗುವಂಥದ್ದು, ಅರ್ಧ ನಿನಗೆ ಗೊತ್ತಿರುವುದೇ ಆದರೂ ಸಹಿಸಿಕೊ. ನಾಲ್ಕು ವರ್ಷದ ಹಿಂದೆ, ಭಾವನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ನಾನು ಅವರ ಬಲಗೈಗೆ ಕತ್ತರಿ ಇಳಿಸಿದೆ. ಭಾವ ಕಾಲರಿನೊಳಗೆ ತಂತಿ ಇಟ್ಟು ಹೊಲೆಯುತ್ತಿದ್ದಾರೆ, ಆ ಅಂಗಿ ತೊಟ್ಟವರಿಗೆಲ್ಲ ನನ್ನ ಯೋಚನೆ ಕೇಳಿಸುತ್ತದೆ ಎಂದು ನನಗೆ ಆಗ ಅನುಮಾನವಿರಲಿಲ್ಲ, ಖಾತ್ರಿಯಿತ್ತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲವಂತೆ. ದರ್ಜಿಯ ಬಲಗೈ ಅದು. ಅದಕ್ಕೆ ನನ್ನ ಹತ್ತಿರ ಯಾವ ಸಮಾಧಾನದ ಮಾತೂ ಇಲ್ಲ, ಹುಡುಕಲೂ ಹೋಗುವುದಿಲ್ಲ. ಇದು ಸ್ಕಿಜೋಫ್ರೀನಿಯಾ ಎಂಬ ಕಾಯಿಲೆ, ಬೇಕೆಂದು ಮಾಡಿದ ಅಪರಾಧವಲ್ಲ ಎಂದು ಕೋರ್ಟು ಹೇಳಿ ಇಲ್ಲಿಗೆ ಕಳಿಸಿತು. ಜೈಲಾಗಿದ್ದರೆ ಇಷ್ಟು ವರ್ಷ ಎಂದು ಗೋಡೆಯ ಮೇಲೆ ಗೀಟು ಎಳೆಯಬಹುದಿತ್ತು. ಇಲ್ಲಿ ಹಾಗಲ್ಲ, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವ ಮಂಡಳಿಯವರು ವಾಸಿಯಾಗಿದೆ ಅನ್ನುವ ತನಕ. ವಾಸಿಯಾಗಿದೆ ಅನ್ನಬೇಕಾದರೆ ಮನೆಯವರ ಜೊತೆ ಸಂಬಂಧ ಸರಿಹೋಗಿರಬೇಕು. ಮನೆಯವರು ಹತ್ತಿರ ಬರಬೇಕಾದರೆ ವಾಸಿಯಾಗಿರಬೇಕು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆ ಮಾಡಿದವರು ಇಂಥ ಯಾವುದೋ ಮಂಡಳಿಯಲ್ಲಿ ಕೂತು ಎದ್ದವರೇ ಇರಬೇಕು.

ಪ್ರತಿ ಮಂಗಳವಾರ ನಮಗೆ ಗುಂಪು ಚಿಕಿತ್ಸೆ. ಊಟದ ಹಾಲಿನ ಮೇಜುಗಳನ್ನು ಗೋಡೆಗೆ ಸರಿಸಿ, ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿ ಕೂರುತ್ತೇವೆ. ನೆಲ ಆಗಷ್ಟೇ ಒರೆಸಿದ ಒದ್ದೆಯಲ್ಲಿರುತ್ತದೆ, ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತದೆ. ನಡೆಸುವವರು ಚಿಕ್ಕ ವಯಸ್ಸಿನ ಒಬ್ಬ ಮೇಡಂ. ಒಳ್ಳೆಯವರು, ಅದನ್ನು ಬಯ್ಯುವ ಮೊದಲೇ ಹೇಳಿಬಿಡುತ್ತೇನೆ. ಮೊದಮೊದಲು ನಮಗೆ ಮಾತೇ ಬರುತ್ತಿರಲಿಲ್ಲ. ಎಲ್ಲರೂ ಒಂದೊಂದು ಮಾಡಬಾರದ್ದನ್ನು ಮಾಡಿ ಬಂದವರು, ಯಾರ ಮುಖವನ್ನು ಯಾರು ನೋಡುವುದು? ಆಗ ಮೇಡಂ ಒಂದು ಪದ್ಧತಿ ತಂದರು. ನಿನ್ನ ಮನೆಯಲ್ಲಿ ಯಾರ ಜೊತೆ ಮಾತು ನಿಂತಿದೆಯೋ ಅವರ ಪಾತ್ರವನ್ನು ಗುಂಪಿನ ಒಬ್ಬನಿಗೆ ಕೊಡು. ಅವನು ಖಾಲಿ ಕುರ್ಚಿಯಲ್ಲಿ ಕೂತು ಅವರಾಗಿ ಮಾತಾಡುತ್ತಾನೆ, ನೀನು ಉತ್ತರ ಕೊಡು. ಅವನು ತಪ್ಪು ಮಾತಾಡಿದರೆ, ಅಂದರೆ ನಿನ್ನ ಮನೆಯವರು ಆಡದಂಥ ಮಾತು ಆಡಿದರೆ, ಕೈ ಎತ್ತಿ ಇದು ಅವರ ಮಾತಲ್ಲ, ಇನ್ನೊಂದು ಸಲ ಎಂದು ಹೇಳು. ಅವನು ತಿದ್ದಿಕೊಂಡು ಮತ್ತೆ ಹೇಳುತ್ತಾನೆ. ನೋಡಲಿಕ್ಕೆ ಮಕ್ಕಳಾಟ. ಆದರೆ ಅಣ್ಣನ ತಲೆ ಒಡೆದು ಬಂದ ಕಂಡಕ್ಟರ್ ಒಬ್ಬ ಇದ್ದಾನೆ, ನಮ್ಮಲ್ಲೇ ಭಾರಿ ಒರಟ, ಅವನು ಆ ಖಾಲಿ ಕುರ್ಚಿಯ ಮುಂದೆ ಮಂಡಿಯೂರಿ ಅತ್ತದ್ದನ್ನು ನಾವೆಲ್ಲ ನೋಡಿದೆವು. ಅವತ್ತಿನಿಂದ ಯಾರೂ ನಗಲಿಲ್ಲ.

ನಾನು ನಿನ್ನ ಪಾತ್ರ ಕೊಟ್ಟದ್ದು ನಮ್ಮ ಗುಂಪಿನಲ್ಲಿರುವ, ಮೊದಲು ಟಪಾಲು ಹಂಚುತ್ತಿದ್ದ ಪೋಸ್ಟ್‌ಮ್ಯಾನ್‌ಗೆ. ನಿನಗೆ ಸಿಟ್ಟು ಬರಬಹುದು. ಪೊದೆಮೀಸೆಯ, ಹೊಟ್ಟೆ ಬಂದ ಮುದುಕ. ಆದರೆ ಊರವರ ಸುಖದುಃಖವನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿದ ಮನುಷ್ಯ, ಎಂಥವರ ಮಾತಿನ ಧಾಟಿಯೂ ಅವನಿಗೆ ಬೇಗ ಹಿಡಿಯುತ್ತದೆ. ನಿನ್ನನ್ನು ಅವನಿಗೆ ನಾನೇ ಕಲಿಸಿದೆ. ಅಕ್ಕ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಮಾತಾಡುತ್ತಾಳೆ, ಪ್ರಶ್ನೆ ಕೇಳಿ ಉತ್ತರವನ್ನೂ ತಾನೇ ಹೇಳುತ್ತಾಳೆ, ಬಯ್ಯುವಾಗ ಮುಖ ನೋಡುವುದಿಲ್ಲ ಎಂದೆಲ್ಲ. ಅವನು ತನ್ನ ಕಂಬಳಿಯಿಂದ ಒಂದು ಎಳೆ ಕಿತ್ತು ಹಲ್ಲಿಗೆ ಕಚ್ಚಿಕೊಂಡು ಬಂದು ಕೂತಾಗ, ಮೀಸೆ ಮರೆತೇ ಹೋಗುತ್ತಿತ್ತು. ಮೊದಲ ದಿನ ಅವನು, ನನ್ನ ಸಂಸಾರ ಹಾಳು ಮಾಡಿಬಿಟ್ಟೆ ಅಂದ. ನಾನು ಕೈ ಎತ್ತಿದೆ. ಇನ್ನೊಂದು ವಾರ, ಯಾಕೆ ಹಾಗೆ ಮಾಡಿದೆ, ನಿನಗೆ ಅನ್ನ ಹಾಕಿದ ಕೈ ಅಲ್ಲವಾ ಅದು ಅಂದ. ಕೈ ಎತ್ತಿದೆ. ಹೀಗೆ ವಾರವಾರವೂ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸುತ್ತಾ ಬಂದೆ. ನನ್ನ ಕೆಲಸವೇ ಅದಲ್ಲವೇ? ಕೊನೆಗೆ ಸರಿಯಾಗಿ ನನ್ನ ಅಳತೆಗೆ ಬಂದು ಕೂತ ಮಾತು ಒಂದೇ: "ಆಗಿದ್ದಾಯ್ತು ಬಿಡೋ. ಕೈಕಾಲು ತೊಳ್ಕೊಂಡು ಊಟಕ್ಕೆ ಬಾ." ಆ ಮಾತು ಕೇಳಲಿಕ್ಕೆ ನಾನು ಮಂಗಳವಾರಕ್ಕೆ ಕಾಯುತ್ತಿದ್ದೆ. ಅದು ಸುಳ್ಳು ಎಂದು ಗೊತ್ತಿತ್ತು. ಸುಳ್ಳು ಎಂದು ಗೊತ್ತಿದ್ದೂ ಹೊಟ್ಟೆ ತುಂಬುತ್ತಿತ್ತು.

ಇನ್ನು ಜೀವನದ ಗುಣಮಟ್ಟ. ನಗಬೇಡ, ಇಲ್ಲಿ ಅದನ್ನು ಅಳೆಯುತ್ತಾರೆ. ತಿಂಗಳಿಗೊಮ್ಮೆ ಒಂದು ಹಾಳೆ ಕೊಡುತ್ತಾರೆ. ನಿದ್ದೆ ಹೇಗಿದೆ, ಊಟ ಹೇಗಿದೆ, ಸ್ನೇಹಿತರಿದ್ದಾರೆಯೇ, ಸ್ವಾತಂತ್ರ್ಯ ಹೇಗಿದೆ. ಎದುರಿಗೆ ಅಳುವ ಮುಖದಿಂದ ನಗುವ ಮುಖದ ತನಕ ಸಾಲಾಗಿ ಗುಂಡು ಗುಂಡು ಮುಖಗಳು, ನಿನ್ನ ಮುಖ ಯಾವುದೋ ಅದಕ್ಕೆ ಗುರುತು ಹಾಕು. ಅಳುವ ಮುಖಕ್ಕೆ ಹಾಕಿದರೆ ಮಾತ್ರೆ ಏರುತ್ತದೆ. ನಗುವ ಮುಖಕ್ಕೆ ಹಾಕಿದರೆ ತನ್ನ ಸ್ಥಿತಿಯ ಅರಿವಿಲ್ಲ ಎಂದು ಬರೆಯುತ್ತಾರೆ. ಕಂಡಕ್ಟರ್ ಎಲ್ಲದಕ್ಕೂ ನಡುವಿನ ಮುಖಕ್ಕೇ ಹಾಕುತ್ತಾನೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ನಿಂತವನ ಅಂಗಿ ಮನೆಗೆ ಹೋದ ಮೇಲೆ ಬಿಗಿಯಾಗುತ್ತದೆ ಎಂದು ಭಾವ ಗಿರಾಕಿಗಳಿಗೆ ಹೇಳುತ್ತಿದ್ದರಲ್ಲ, ಇಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದೇ ನಿಂತಿರುತ್ತೇವೆ. ಒಂದು ಪ್ರಶ್ನೆಗೆ ಮಾತ್ರ ನಾನು ಉಸಿರು ಬಿಟ್ಟು ನಿಜ ಬರೆದೆ. ಕುಟುಂಬದ ಸಂಬಂಧ ಹೇಗಿದೆ ಎಂದು ಕೇಳಿದ್ದಕ್ಕೆ, ಪೋಸ್ಟ್‌ಮ್ಯಾನ್‌ನನ್ನು ನೆನೆದು, ಪೂರ್ತಿ ನಗುವ ಮುಖಕ್ಕೆ ಗುರುತು ಹಾಕಿದೆ. ವರ್ಷಗಳಿಂದ ಮನೆಯವರ ಮುಖ ಕಾಣದವನಿಗೆ ಕುಟುಂಬದ ಸುಖದಲ್ಲಿ ವಾರ್ಡಿಗೇ ಮೊದಲ ಸ್ಥಾನ ಬಂತು. ಅದನ್ನು ನೋಡಿ ದೊಡ್ಡ ಡಾಕ್ಟರು ಹಿಗ್ಗಿಹೋದರು. ಗುಂಪು ಚಿಕಿತ್ಸೆಯಿಂದ ಇಷ್ಟು ಗುಣವಾಗಿರುವಾಗ ಇವನ ಅಕ್ಕನನ್ನೇ ಒಂದು ದಿನ ಗುಂಪಿಗೆ ಕರೆಸೋಣ ಎಂದರು. ನಿನಗೆ ಆಸ್ಪತ್ರೆಯಿಂದ ಕರೆ ಬಂದದ್ದು ಹೀಗೆ.

ನೀನು ಬಂದೆ. ಅದಕ್ಕಾಗಿ ಅರ್ಧ ದಿನದ ಕೆಲಸ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಬಂದೆ, ಅದನ್ನು ಮರೆಯುವುದಿಲ್ಲ. ಆದರೆ ನಿನ್ನನ್ನು ಕೂರಿಸಿದ್ದು ಎಲ್ಲಿ? ಅದೇ ಹಾಲಿನಲ್ಲಿ, ಅದೇ ವೃತ್ತದಲ್ಲಿ, ಅದೇ ಕುರ್ಚಿಯಲ್ಲಿ. ಮಂಗಳವಾರವೇ. ನಿನ್ನ ಪಕ್ಕದಲ್ಲೇ ಪೋಸ್ಟ್‌ಮ್ಯಾನ್. ನೀನು ಕೈಚೀಲವನ್ನು ಮಡಿಲಲ್ಲಿ ಹಿಡಿದುಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ಮೇಡಂ ಕೇಳಿದ್ದಕ್ಕೆ ನಿಜವನ್ನೇ ಹೇಳಿದೆ. "ನಿನ್ನ ಕಂಡ್ರೆ ನಂಗೆ ಭಯ ಕಣೋ. ಮನೆಗೆ ಬರೋದು ಬೇಡ." ನನ್ನ ಕೈ ಮೇಲೆದ್ದಿತು. ಅಷ್ಟು ತಿಂಗಳ ಅಭ್ಯಾಸ, ಬಿಸಿ ತಾಗಿದ ಕೈ ತಾನಾಗಿ ಹಿಂದೆ ಬರುವುದಿಲ್ಲವೇ, ಹಾಗೆ ತಾನಾಗಿ ಎದ್ದಿತು. ಬಾಯಿ ಕೂಡ ತಾನಾಗಿ ಹೇಳಿತು, ಇದು ಅಕ್ಕನ ಮಾತಲ್ಲ, ಇನ್ನೊಂದು ಸಲ ಎಂದು. ನಿನ್ನ ಮುಖ ಬಿಳಿಚಿಕೊಂಡಿತು. ಅಷ್ಟಕ್ಕೇ ಮುಗಿದಿದ್ದರೂ ಸಾಕಿತ್ತು. ಕೆಟ್ಟ ಹೊತ್ತು ಎಂದರೆ ನೋಡು, ಪೋಸ್ಟ್‌ಮ್ಯಾನ್ ಕೂಡ ಅಭ್ಯಾಸಕ್ಕೆ ಬಿದ್ದವನೇ ಅಲ್ಲವೇ, ತಿದ್ದುವುದು ತನ್ನ ಕೆಲಸ ಎಂದುಕೊಂಡು ನಿನ್ನ ಪಕ್ಕದಿಂದಲೇ, ನಿನ್ನದೇ ಧಾಟಿಯಲ್ಲಿ, ಆಗಿದ್ದಾಯ್ತು ಬಿಡೋ, ಕೈಕಾಲು ತೊಳ್ಕೊಂಡು ಊಟಕ್ಕೆ ಬಾ ಅಂದ. ನಾನು ಅವನ ಕಡೆ ತಿರುಗಿ ತಲೆಯಾಡಿಸಿದೆನಂತೆ, ಅದು ನನಗೆ ನೆನಪಿಲ್ಲ. ನೀನು ಕೈಚೀಲ ಎದೆಗವಚಿಕೊಂಡು ಎದ್ದು ಹೋದದ್ದು ಮಾತ್ರ ನೆನಪಿದೆ.

ಮೂಲೆಯಲ್ಲಿ ಕೂತಿದ್ದ ದೊಡ್ಡ ಡಾಕ್ಟರು ಅವತ್ತೇ ಬರೆದರು. ಒಡಹುಟ್ಟಿದವಳನ್ನು ಬೇರೆ ಯಾರೋ ಎಂದು ತಿಳಿಯುತ್ತಾನೆ, ಇನ್ನೊಬ್ಬ ರೋಗಿಯನ್ನು ತನ್ನ ಅಕ್ಕ ಎಂದು ನಂಬಿದ್ದಾನೆ ಎಂದು. ಮನೆಯವರ ವೇಷದಲ್ಲಿ ಬೇರೆ ಯಾರೋ ಬಂದಿದ್ದಾರೆ ಅನ್ನಿಸುವುದು ಈ ಕಾಯಿಲೆಯಲ್ಲಿ ಉಂಟಂತೆ, ಅವರು ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ಕಂಡೆ ಎಂದುಕೊಂಡರು. ಕೈ ಎತ್ತುವ ನಿಯಮ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಮೇಡಂ. ಅವರು ಬಾಯಿ ಬಿಡಲಿಲ್ಲ. ಆಮೇಲೆ ಕೇಳಿದರೆ, ಸಮಯ ನೋಡಿ ಹೇಳ್ತೀನಿ ಅಂದರು. ಅವರದ್ದು ವರ್ಷ ವರ್ಷ ಮುಂದುವರಿಸುವ ನೌಕರಿ, ಆ ಪದ್ಧತಿಯೂ ಯಾರನ್ನೂ ಕೇಳದೆ ತಂದದ್ದು. ಸಮಯ ಇನ್ನೂ ಬಂದಿಲ್ಲ, ಬರುವುದೂ ಇಲ್ಲ. ನಾನೇ ಡಾಕ್ಟರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ವಿವರಣೆ ಬಹಳ ಜಾಣತನದ್ದು ಎಂದರು, ಇಲ್ಲಿ ಅದು ಹೊಗಳಿಕೆಯಲ್ಲ. ಗುಂಪಿನವರೆಲ್ಲ ಸಾಕ್ಷಿ ಹೇಳುತ್ತೇವೆ ಎಂದು ಹೋದರು. ಒಬ್ಬ ಹುಚ್ಚನ ಮಾತಿಗೆ ಬೆಲೆಯಿಲ್ಲದಿದ್ದರೆ ಹತ್ತು ಹುಚ್ಚರ ಮಾತಿಗೆ ಎಲ್ಲಿಂದ ಬರಬೇಕು? ಮಾರನೆಯ ವಾರ ಇದ್ದ ಮಂಡಳಿಯ ಸಭೆಯಿಂದ ನನ್ನನ್ನು ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಖಾಲಿ ಕುರ್ಚಿಯ ಪದ್ಧತಿಯನ್ನೂ ನಿಲ್ಲಿಸಿದರು. ಈಗ ಮಂಗಳವಾರ ನಾವು ದುಂಡಗೆ ಕೂತು ದೊಡ್ಡದಾಗಿ ಉಸಿರು ಎಳೆದು ಬಿಡುತ್ತೇವೆ. ಪೋಸ್ಟ್‌ಮ್ಯಾನ್ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ, ನಿನ್ನ ಅಕ್ಕನ ಬಾಯಿಂದ ಮಾತು ಕಿತ್ತುಕೊಂಡ ಪಾಪ ನನಗೆ ಬಂತು ಅನ್ನುತ್ತಾನೆ. ಈ ತಿಂಗಳ ಹಾಳೆಯಲ್ಲಿ ಕುಟುಂಬದ ಪ್ರಶ್ನೆಗೆ ನಾನು ಅಳುವ ಮುಖಕ್ಕೆ ಗುರುತು ಹಾಕಿದೆ. ಈಗ ಸ್ವಲ್ಪ ವಾಸ್ತವದ ಅರಿವು ಬರುತ್ತಿದೆ ಎಂದು ಡಾಕ್ಟರಿಗೆ ಸಮಾಧಾನವಾಯಿತು.

ಮಂಡಳಿ ಮತ್ತೆ ಈ ತಿಂಗಳ ಕೊನೆಯ ಬುಧವಾರ ಸೇರುತ್ತದೆ. ಇದು ತಪ್ಪಿದರೆ ನನ್ನ ಸರದಿ ಮತ್ತೆ ಬರುವುದು ಎರಡು ವರ್ಷದ ಮೇಲೆ. ನಾನು ಮನೆಗೆ ಬರುತ್ತೇನೆ ಎಂದು ಹೆದರಬೇಡ, ಅದನ್ನು ಕೇಳುತ್ತಿಲ್ಲ. ಊರಾಚೆ ಬೀಗವಿಲ್ಲದ ಒಂದು ಹಾಸ್ಟೆಲ್ ಇದೆ, ಇಲ್ಲಿಂದ ಗುಣವಾದವರನ್ನು ಅಲ್ಲಿಗೆ ಕಳಿಸುತ್ತಾರೆ. ಅಲ್ಲಿ ಹೊಲಿಗೆಯ ಕೋಣೆಯಿದೆ, ಆಸ್ಪತ್ರೆಗಳ ಹೊದಿಕೆ, ಪರದೆ ಹೊಲೆಯುತ್ತಾರಂತೆ. ಕತ್ತರಿಗೆ ಸರಪಳಿ ಹಾಕಿ ಮೇಜಿಗೆ ಕಟ್ಟಿರುತ್ತಾರಂತೆ. ಇರಲಿ, ನನಗೂ ಅದೇ ಒಳ್ಳೆಯದು. ಸಂಜೆ ಅಂಗಡಿ ತನಕ ನಡೆದು ಹೋಗಿ ಬರಬಹುದು. ಇಲ್ಲಿ ನಾಲ್ಕು ವರ್ಷದಿಂದ ನಾನು ಒಂದು ಬಾಗಿಲನ್ನೂ ನನ್ನ ಕೈಯಿಂದ ತೆಗೆದಿಲ್ಲ, ಅಕ್ಕ. ಅಲ್ಲಿಗೆ ಕಳಿಸಬೇಕಾದರೆ ಡಾಕ್ಟರು ಬರೆದದ್ದನ್ನು ಹೊಡೆದು ಹಾಕಬೇಕು. ಅದಕ್ಕೆ ಇರುವುದು ಒಂದೇ ದಾರಿ ಎಂದು ಅವರೇ ಹೇಳಿದ್ದಾರೆ. ಅಕ್ಕ ಬಂದು ಮಂಡಳಿಯ ಮುಂದೆ ಇವನ ಎದುರಿಗೆ ಕೂತು ಮಾತಾಡಲಿ, ಆ ಮಾತನ್ನು ಇವನು ಅಕ್ಕನ ಮಾತೆಂದು ಒಪ್ಪುತ್ತಾನೋ ಇಲ್ಲವೋ ನೋಡೋಣ. ಹಾಗಾಗಿ ನೀನು ಬಾ. ಏನಾದರೂ ಹೇಳು. ಊಟ ಆಯಿತಾ ಎಂದು ಕೇಳು, ಚಳಿ ಜಾಸ್ತಿ ಅನ್ನು, ಅಷ್ಟು ಸಾಕು.

ನಿನ್ನ ಮೇಲೆ ನನಗೆ ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ಇಷ್ಟು ವರ್ಷಕ್ಕೆ ಒಮ್ಮೆ ಬಂದೆ, ಬಂದವಳು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಕೂರಲಿಲ್ಲ. ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿದವಳು ನೀನು, ಗುಂಡಿಗೆ ಮೊದಲ ಕಾಜ ಹೊಲೆಯಲು ಕಲಿಸಿದವಳು ನೀನು. ಕಾಯಿಲೆ ಬಂದದ್ದು ನನಗೆ ಎಂದು ಕೋರ್ಟಿಗೆ ಅರ್ಥವಾಯಿತು, ನಿನಗೆ ಆಗಲಿಲ್ಲವೇ ಎಂದು ಎಷ್ಟೋ ದಿನ ಗೋಡೆಯನ್ನು ಬಯ್ದಿದ್ದೇನೆ. ಬಯ್ದು ಮುಗಿದ ಮೇಲೆ ಭಾವನ ಕೈ ನೆನಪಾಗುತ್ತದೆ. ನೀನು ಆ ಕೈಗೆ ಆಗದ ಅಂಗಿಗುಂಡಿಗಳನ್ನು ದಿನಾ ಹಾಕಿ ಕೊಡುವವಳು. ಆಗ ಸಿಟ್ಟು ಯಾರ ಮೇಲೆ ಇಡುವುದು ಎಂದು ತಿಳಿಯದೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು, ಅವರು ತೆಗೆದುಕೊಳ್ಳದಿದ್ದರೆ ಒತ್ತಾಯ ಮಾಡಬೇಡ. ಪುಟ್ಟಿ ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ, ಮಾವ ಎಲ್ಲಿದ್ದಾನೆ ಎಂದು ಕೇಳಿದರೆ ನಿನಗೆ ತೋಚಿದ್ದನ್ನು ಹೇಳು. ನಿನ್ನ ಮಂಡಿ ಜೋಪಾನ.

ಇಂತಿ,
ನಿನ್ನ ತಮ್ಮ

ಮ.ರಿ.: ಕಾಗದ ಒಯ್ಯಲು ನರ್ಸಮ್ಮ ಬಂದು ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಕೈ ತಾನಾಗಿ ಏಳಲಿಲ್ಲ, ನಾನು ಎತ್ತಿದೆ. ಮಾತಾಡಿದವಳು ನೀನೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ನೀನೇ ಆಗಿದ್ದರಿಂದಲೇ ಇನ್ನೊಂದು ಸಲ ಹೇಳಿಸಬೇಕು ಅನ್ನಿಸಿತು. ಪೋಸ್ಟ್‌ಮ್ಯಾನ್ ತಿದ್ದಿಕೊಳ್ಳುತ್ತಿದ್ದ, ನೀನೂ ತಿದ್ದಿಕೊಳ್ಳುತ್ತೀಯ ಎಂದು ಆಸೆಪಟ್ಟೆ. ಆದ್ದರಿಂದ ಬುಧವಾರ ಊಟ, ಚಳಿ ಎಂದೆಲ್ಲ ಹೇಳಬೇಡ. ಅಂಥ ಮಾತನ್ನು ಒಪ್ಪಲು ನನಗೇನು ಕಷ್ಟ? ಅವತ್ತು ಹೇಳಿದ್ದನ್ನೇ ಹೇಳು. ಭಯ ಅಂತಲೇ ಹೇಳು, ಮನೆಗೆ ಬರುವುದು ಬೇಡ ಅಂತಲೇ ಹೇಳು. ಹೌದು, ಇದು ನನ್ನ ಅಕ್ಕನ ಮಾತೇ ಎಂದು ಅವರೆಲ್ಲರ ಮುಂದೆ ನಾನು ಹೇಳಬೇಕು. ಅದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಹೇಳಿದ ತಕ್ಷಣ ಎದ್ದು ಹೋಗಬೇಡ.